ಓರ್ಕ್‌ಗಳ ದೇವರು, ನಮ್ಮೂರ ಚೌಡಿ

ಫ್ಯಾಂಟಸಿ ಕಥೆಗಳಲ್ಲಿ ಯಾವ ಕುಲ ಒಳ್ಳೇದು, ಯಾವುದು ಕೆಟ್ಟದ್ದು ಅಂತ ಗೊತ್ತಾಗಬೇಕಾದ್ರೆ ಅವರ ದೇವರನ್ನು ನೋಡಿದರೆ ಸಾಕು. ಎಲ್ಫ್‌ಗಳ ಗುಡಿ ಬಿಳಿ ಕಲ್ಲಿನದು, ಒಳಗೆ ಬೆಳದಿಂಗಳು, ಮೆಲ್ಲಗೆ ಹಾಡು. ಡ್ವಾರ್ಫ್‌ಗಳ ದೇವರು ಸುತ್ತಿಗೆ ಹಿಡಿದ ಕಮ್ಮಾರ. ಮನುಷ್ಯರಿಗೆ ಗೋಪುರ, ಗಂಟೆ, ಪುರೋಹಿತರು, ಪುಸ್ತಕ. ಓರ್ಕ್‌ಗಳ ಸರದಿ ಬಂದಾಗ ಮಾತ್ರ ಗುಡಿಯೇ ಇರಲ್ಲ. ಒಂದು ಮರ, ಬುಡದಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ರಕ್ತ, ಪಕ್ಕದಲ್ಲಿ ಡೋಲು, ಮೈಮೇಲೆ ಬಂದು ಕೂಗುವ ಒಬ್ಬಳು ಮುದುಕಿ. ಅಷ್ಟು ಬರೆದರೆ ಓದುಗನಿಗೆ ಅರ್ಥ ಆಗಿಬಿಡುತ್ತೆ: ಇವರನ್ನು ಕೊಂದರೆ ಪಾಪ ಇಲ್ಲ.

ಹನುಮಂತನಗರದಲ್ಲಿ ರಾಮಾಂಜನೇಯ ಗುಡ್ಡದಿಂದ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಬಾಡಿಗೆ ಮನೆ. ತಿಂಗಳಿಗೆ ಎರಡು ಶನಿವಾರ ಅಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಇದು 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ. ಬೋರ್ಡು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಒಬ್ಬ ಕಥೆ ಹೇಳ್ತಾನೆ, ಉಳಿದವರು ಕಥೆಯೊಳಗಿನ ಪಾತ್ರ ಆಗ್ತಾರೆ, ಕಷ್ಟದ ಕೆಲಸಕ್ಕೆ ದಾಳ ಹಾಕ್ತಾರೆ. ಯಕ್ಷಗಾನದ ತಾಳಮದ್ದಳೆಗೆ ದಾಳ ಸೇರಿಸಿದ ಹಾಗೆ ಅಂದುಕೊಳ್ಳಿ. ಪ್ರಸಂಗ ಗೊತ್ತಿರುತ್ತೆ, ಮಾತು ಮಾತ್ರ ಅವತ್ತಿನದು.

ಈ ಸಲ ನಮ್ಮದೇ ಒಂದು ಲೋಕ ಕಟ್ಟೋಣ ಅಂತ ತೀರ್ಮಾನ ಆಯ್ತು. ಒಬ್ಬೊಬ್ಬರಿಗೆ ಒಂದೊಂದು ಕುಲ. ಅವರ ಊಟ, ಮದುವೆ, ದೇವರು ಎಲ್ಲ ಬರೆದು ಶೇರ್ಡ್ ಡಾಕ್ಯುಮೆಂಟ್‌ಗೆ ಹಾಕಬೇಕು. ಓರ್ಕ್‌ಗಳು ಸಿಕ್ಕಿದ್ದು ನನ್ನ ಸಹೋದ್ಯೋಗಿ ಒಬ್ಬನಿಗೆ. ಹುಟ್ಟಿ ಬೆಳೆದದ್ದೆಲ್ಲ ಜಯನಗರದಲ್ಲೇ, ಬಹಳ ಒಳ್ಳೇ ಹುಡುಗ. ಅವನು ಬರೆದದ್ದನ್ನು ಓದ್ತಾ ಓದ್ತಾ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಕಾಡಿನಂಚಿನ ಮರ, ಆಕಾರವಿಲ್ಲದ ಕಲ್ಲು, ಕುಂಕುಮದಂಥ ಕೆಂಪು ಪುಡಿ, ಕೋಳಿಯ ರಕ್ತ, ಮೈಮೇಲೆ ಬರುವ ಹೆಂಗಸು. ಇದು ಸೊರಬ ತಾಲ್ಲೂಕಿನ ನಮ್ಮೂರಿನ ಚೌಡಿ ಬನ. ಒಂದು ಗೆರೆ ಹೆಚ್ಚಿಲ್ಲ, ಕಮ್ಮಿ ಇಲ್ಲ.

"ಇದೆಲ್ಲ ಎಲ್ಲಿಂದ ತಂದೆ?" ಅಂತ ಕೇಳಿದೆ.

"ಎಲ್ಲಾ ಗೇಮಲ್ಲೂ ಹೀಗೇ ಇರುತ್ತಲ್ಲ ಮಗಾ," ಅಂದ. ನಿಜ. ಅವನಿಗೆ ನಮ್ಮೂರು ಗೊತ್ತಿಲ್ಲ, ಚೌಡಿ ಗೊತ್ತಿಲ್ಲ, ಹಂಗಿಸುವ ಉದ್ದೇಶವೂ ಇಲ್ಲ. ಜಗತ್ತಿನ ಎಲ್ಲ ಗೇಮುಗಳೂ ಸೇರಿ ಅವನಿಗೆ ಕಲಿಸಿಕೊಟ್ಟ ಚಿತ್ರ ಅದು. ಆ ಚಿತ್ರದಲ್ಲಿ ನಮ್ಮಜ್ಜಿ ಶತ್ರುಪಕ್ಷದಲ್ಲಿದ್ದಾಳೆ.

ನಮ್ಮ ಚೌಡಿ ಏನು ಮಾಡ್ತಾಳೆ ಅಂತ ಹೇಳ್ತೀನಿ. ಗದ್ದೆ ಬಯಲು ಮುಗಿದು ಕಾಡು ಶುರುವಾಗುವಲ್ಲಿ ಒಂದು ಮತ್ತಿ ಮರ. ಅದರ ಕೆಳಗೆ ಕಲ್ಲು. ಗೋಡೆ ಇಲ್ಲ, ಬಾಗಿಲಿಲ್ಲ, ದಿನದ ಪೂಜೆಯೂ ಇಲ್ಲ. ನಾಟಿಗೆ ಮುಂಚೆ ಒಂದು ಕಾಯಿ. ಹಸು ತಪ್ಪಿಸಿಕೊಂಡರೆ ಒಂದು ಹರಕೆ. ದೀಪಾವಳಿ ಕಳೆದ ಮೇಲೆ ನೋಪಿ. ಅವತ್ತು ಕೋಳಿ ಕೊಟ್ಟು, ಅಲ್ಲೇ ಹತ್ತಿರದಲ್ಲಿ ಒಲೆ ಹೂಡಿ ಅಡುಗೆ ಮಾಡಿ ಎಲ್ಲರೂ ಊಟ ಮಾಡೋದು. ಚೌಡಿಗೆ ಸಂಸ್ಕೃತ ಬರಲ್ಲ. ಅಜ್ಜಿ ಅವಳ ಜೊತೆ ಮಾತಾಡೋದು ಪಕ್ಕದ ಮನೆಯವಳ ಜೊತೆ ಮಾತಾಡಿದ ಹಾಗೆ. "ಹೋದ ವರ್ಷ ಕೊಟ್ಟಿದ್ದು ಸಾಲದಾ ನಿಂಗೆ? ಹಂದಿ ಯಾಕೆ ಬಿಟ್ಟೆ ಗದ್ದೆಗೆ?" ಅಂತ ಜೋರು ಮಾಡಿದ್ದನ್ನು ನಾನೇ ಕೇಳಿದ್ದೇನೆ. ಬೆಂಗಳೂರಿನ ಯಾವ ದೇವಸ್ಥಾನದಲ್ಲೂ ಭಕ್ತರು ದೇವರಿಂದ ಲೆಕ್ಕ ಕೇಳೋದನ್ನು ನಾನು ನೋಡಿಲ್ಲ.

ಮೈಮೇಲೆ ಬರುವುದರ ಬಗ್ಗೆಯೂ ಹೇಳಬೇಕು. ನಾನು ಹೈಸ್ಕೂಲಲ್ಲಿದ್ದಾಗ ಒಂದು ವರ್ಷ ಮಳೆ ಕೈಕೊಟ್ಟಿತ್ತು. ಮೇಲಿನ ಗದ್ದೆಯವರು ರಾತ್ರಿ ಹೊತ್ತು ಕಾಲುವೆ ತಿರುಗಿಸಿಕೊಳ್ತಿದ್ದರು. ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ, ಅವರು ಊರಿನ ದೊಡ್ಡ ಕುಳ. ನೋಪಿ ದಿನ ಕೂಲಿ ಕೆಲಸದ ಒಬ್ಬ ಹೆಂಗಸಿನ ಮೈಮೇಲೆ ಚೌಡಿ ಬಂದಳು. ಕಾಲುವೆ ಯಾರು ತಿರುಗಿಸ್ತಾರೆ, ಯಾವ ಜಾಗದಲ್ಲಿ ತಿರುಗಿಸ್ತಾರೆ ಅಂತ ಊರಿನ ಎದುರು ಹೇಳಿದಳು. ಬೇರೆ ದಿನ ಆ ಹೆಂಗಸು ಅವರ ಅಂಗಳದಲ್ಲಿ ಚಪ್ಪಲಿ ಹಾಕಿಕೊಂಡು ನಿಲ್ಲುವ ಹಾಗಿರಲಿಲ್ಲ. ಅವತ್ತು ಯಜಮಾನರು ತಲೆ ತಗ್ಗಿಸಿ ಕಾಯಿ ಒಡೆದರು. ಮರುದಿನ ನೀರು ಬಂತು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಇಶ್ಯೂ ಕ್ಲೋಸ್.

ಹಾಗಂತ ಅದು ಸ್ವರ್ಗ ಅಲ್ಲ. ಆ ಬನದಲ್ಲೂ ಯಾರು ಮುಂದೆ ನಿಲ್ಲಬೇಕು, ಯಾರು ದೂರ ನಿಲ್ಲಬೇಕು ಅನ್ನೋ ಲೆಕ್ಕ ಇತ್ತು. ಆದರೆ ಅದು ಬರೀ ರಕ್ತದಾಹದ ಮತವೂ ಅಲ್ಲ. ನೀರು, ಬೆಳೆ, ಹಸು, ನೆರೆಹೊರೆಯವರ ಜೊತೆ ಬದುಕಲು ಮಾಡಿಕೊಂಡ ಒಂದು ಒಪ್ಪಂದ.

ಓರ್ಕ್‌ಗಳ ಬಗ್ಗೆ ಆಟದ ಹಳೇ ಪುಸ್ತಕಗಳು ಏನು ಹೇಳ್ತವೆ ಅಂತ ಹುಡುಕಿದೆ. ಮಜಾ ಅಂದ್ರೆ, 1977ರ ಮಾನ್ಸ್ಟರ್ ಮ್ಯಾನ್ಯುಅಲ್‌ನಲ್ಲಿ ನಮ್ಮ ರಾಕ್ಷಸನೇ ಇದ್ದಾನೆ, ಹುಲಿ ತಲೆ ಹೊತ್ತುಕೊಂಡು. ಅಂದ್ರೆ ನಾವು ಆಗಲೇ ಅವರ ಪಟ್ಟಿಯಲ್ಲಿದ್ದೇವೆ. ಇನ್ನು ಓರ್ಕ್‌ಗಳ ದೇವರ ಹೆಸರು ಗ್ರೂಮ್ಶ್, ಒಂದೇ ಕಣ್ಣು. ಅವನದ್ದೊಂದು ಕಥೆ ಇದೆ. ಲೋಕ ಹುಟ್ಟಿದಾಗ ದೇವರುಗಳೆಲ್ಲ ಚೀಟಿ ಎತ್ತಿ ತಮ್ಮ ತಮ್ಮ ಮಕ್ಕಳಿಗೆ ಜಾಗ ಹಂಚಿಕೊಂಡರಂತೆ. ಕಾಡು ಎಲ್ಫ್‌ಗಳಿಗೆ, ಬೆಟ್ಟ ಡ್ವಾರ್ಫ್‌ಗಳಿಗೆ, ಮನುಷ್ಯರಿಗೆ ಎಲ್ಲಿ ಬೇಕಾದರೂ ಇರುವ ಹಕ್ಕು. ಓರ್ಕ್‌ಗಳಿಗೆ ಏನೂ ಉಳಿದಿರಲಿಲ್ಲ. ಉಳಿದ ದೇವರುಗಳು ನಕ್ಕರು. ಗ್ರೂಮ್ಶ್ ಸಿಟ್ಟಿಗೆದ್ದು ಈಟಿಯಿಂದ ಬೆಟ್ಟಕ್ಕೆ ಚುಚ್ಚಿದ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ಬಲೀಂದ್ರ. ಅವನದ್ದೂ ಜಾಗ ಹೋದ ಕಥೆಯೇ. ಅಸುರರ ದೊರೆ, ಕೇಳಿದವರಿಗೆ ಇಲ್ಲ ಅನ್ನದವನು. ವಾಮನ ಮೂರು ಹೆಜ್ಜೆ ಕೇಳಿದ. ಎರಡು ಹೆಜ್ಜೆಗೆ ಭೂಮಿ ಆಕಾಶ ಮುಗಿಯಿತು, ಮೂರನೆಯದು ತಲೆ ಮೇಲೆ. ಬಲಿ ಪಾತಾಳಕ್ಕೆ. ವ್ಯತ್ಯಾಸ ಏನಂದ್ರೆ, ನಮ್ಮ ಕಡೆ ಅವನನ್ನು ವರ್ಷಕ್ಕೊಮ್ಮೆ ಮನೆಗೆ ಕರೀತಾರೆ. ದೀಪಾವಳಿಗೆ ತಂಬಿಗೆ ನೀರು, ವೀಳ್ಯದೆಲೆ, ಅಡಿಕೆಯ ಹಿಂಗಾರ ಇಟ್ಟು ಬಲೀಂದ್ರನನ್ನು ಕೂರಿಸ್ತೀವಿ. ಕರಾವಳಿಯಲ್ಲಿ ಗದ್ದೆಗೆ ದೀಪ ಹಿಡಿದುಕೊಂಡು ಹೋಗಿ ಕೂ ಹಾಕಿ ಕರೀತಾರೆ. ಅದೇ ಮನೆಯಲ್ಲಿ ವಿಷ್ಣುವಿನ ಫೋಟೋಗೂ ಹೂ ಏರಿಸ್ತಾರೆ. ಸೋತವನಿಗೂ ಗೆದ್ದವನಿಗೂ ಒಂದೇ ಮನೆಯಲ್ಲಿ ಜಾಗ. ಬಲಿ ಅಸುರನಾಗಿಯೇ ಬರ್ತಾನೆ, ಅಸುರನಾಗಿಯೇ ಹೋಗ್ತಾನೆ. ಯಾರೂ ಅವನನ್ನು ತಿದ್ದಲ್ಲ.

ಈ ಕುಲಗಳ ದೇವರು ಯಾವುದು ಅನ್ನೋ ಪ್ರಶ್ನೆಯನ್ನು ನಮ್ಮವರು ಬಹಳ ಹಿಂದೆಯೇ ಕೇಳಿದ್ದಾರೆ. ಪ್ರಾಕೃತದಲ್ಲಿ ವಿಮಲಸೂರಿ ಬರೆದ ಜೈನ ರಾಮಾಯಣದಲ್ಲಿ ಶ್ರೇಣಿಕ ರಾಜ ಒಂದಿಷ್ಟು ಅನುಮಾನ ಮುಂದಿಡ್ತಾನೆ: ಅಷ್ಟು ಬಲಶಾಲಿ ರಾಕ್ಷಸರನ್ನು ಕೋತಿಗಳು ಸೋಲಿಸೋದು ಹೇಗೆ ಸಾಧ್ಯ? ಕುಂಭಕರ್ಣ ಆರು ತಿಂಗಳು ಮಲಗಿದ್ದ ಅಂದ್ರೆ ನಂಬೋದು ಹೇಗೆ? ಇವತ್ತಿನ ಯಾವುದೇ ಫ್ಯಾನ್ ಕೇಳುವ ಪ್ರಶ್ನೆಗಳೇ. ಉತ್ತರ: ರಾಕ್ಷಸರು ರಾಕ್ಷಸರಲ್ಲ, ವಾನರರು ಕೋತಿಗಳಲ್ಲ. ಇಬ್ಬರೂ ವಿದ್ಯಾಧರರು, ವಿದ್ಯೆ ಬಲ್ಲ ಮನುಷ್ಯರು. ವಾನರರ ಧ್ವಜದಲ್ಲಿ ಕೋತಿಯ ಗುರುತಿತ್ತು, ಅಷ್ಟೇ. ರಾವಣನಿಗೆ ಹತ್ತು ತಲೆ ಇರಲಿಲ್ಲ. ಕೊರಳಿನ ಹಾರದ ರತ್ನಗಳಲ್ಲಿ ಅವನ ಮುಖ ಒಂಬತ್ತು ಸಲ ಕಾಣುತ್ತಿತ್ತು. ಅವನು ಜಿನಭಕ್ತ, ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಅಂತ ವ್ರತ ತೊಟ್ಟವನು. ಸುಮಾರು 900 ವರ್ಷದ ಹಿಂದೆ ನಾಗಚಂದ್ರ ಇದೇ ಪರಂಪರೆಯಲ್ಲಿ ಕನ್ನಡದಲ್ಲಿ 'ರಾಮಚಂದ್ರಚರಿತ ಪುರಾಣ' ಬರೆದ. ಜೈನ ಕಥೆಗಳಲ್ಲಿ ಹನುಮಂತನಿಗೆ ಮದುವೆಯೂ ಆಗಿದೆ. ಶನಿವಾರ ಬೆಳಿಗ್ಗೆ ನಮ್ಮ ಗುಡ್ಡದ ಮೆಟ್ಟಿಲ ಮೇಲೆ ನಿಂತು ಈ ಮಾತು ಹೇಳುವ ಧೈರ್ಯ ನನಗಿಲ್ಲ.

ಆ ಕವಿಗಳ ಮೇಲೆ ನನಗೆ ಗೌರವ ಇದೆ. ಶತ್ರುವಿಗೂ ಮನಸ್ಸು ಕೊಟ್ಟರು, ವ್ರತ ಕೊಟ್ಟರು. ಆದರೆ ಒಂದು ಗಮನಿಸಿ. ರಾಕ್ಷಸನಿಗೆ ಮರ್ಯಾದೆ ಸಿಕ್ಕಿದ್ದು ಅವನು ರಾಕ್ಷಸನೇ ಅಲ್ಲ, ನಮ್ಮ ಧರ್ಮದವನೇ ಅಂತ ಆದ ಮೇಲೆ. ಅಂದ್ರೆ ಬೇರೆಯವರ ದೇವರನ್ನು ಎದುರಿಸಲು ಮೂರು ದಾರಿ. ಒಂದು, ಕತ್ತಿ ತಗೊಂಡು ಹೋಗೋದು. ಎರಡು, ತೊಳೆದು ಬಳಿದು ನಮ್ಮವರನ್ನಾಗಿ ಮಾಡಿಕೊಳ್ಳೋದು. ಮೂರು, ಬಲೀಂದ್ರನ ಹಾಗೆ, ಇದ್ದ ಹಾಗೇ ಕರೆದು ಕೂರಿಸೋದು.

ಇದು ಬರೀ ಆಟದ ವಿಷಯ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ತಿರಲಿಲ್ಲ. ಅದೇ ವಾರ ಊರಿಂದ ಚಿಕ್ಕಪ್ಪ ಫೋನ್ ಮಾಡಿದರು. ಚೌಡಿಗೆ ಗುಡಿ ಕಟ್ಟುವ ಪ್ಲಾನ್ ಆಗಿದೆ. ಆರ್‌ಸಿಸಿ ಚಾವಣಿ, ಗ್ರಾನೈಟ್ ನೆಲ, ಒಳಗೆ ಕರಿಕಲ್ಲಿನ ಮೂರ್ತಿ, ಭಟ್ಟರನ್ನು ಕರೆಸಿ ಪ್ರತಿಷ್ಠೆ. ಇನ್ನು ಮೇಲೆ ಕೋಳಿ ಇಲ್ಲ. ಬೇರು ಅಡಿಪಾಯ ಒಡೆಯುತ್ತೆ ಅಂತ ಮತ್ತಿ ಮರ ತೆಗೀಬೇಕು. ಬೆಂಗಳೂರಲ್ಲಿ ಕೆಲಸದಲ್ಲಿರೋರು ತಲಾ 25 ಸಾವಿರ.

ಚಿಕ್ಕಪ್ಪನ ಕಾರಣಗಳನ್ನು ತಳ್ಳಿಹಾಕೋಕೆ ಆಗಲ್ಲ. ಮಳೆಗಾಲದಲ್ಲಿ ಆ ದಾರಿ ಕೆಸರು, ವಯಸ್ಸಾದವರು ಜಾರಿ ಬೀಳ್ತಾರೆ. ದೇವಸ್ಥಾನದ ಜಾಗದಲ್ಲಿ ಪ್ರಾಣಿಬಲಿ ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1959ರಿಂದಲೇ ಇದೆ. ಎಲ್ಲಕ್ಕಿಂತ ದೊಡ್ಡದು ಅವರು ಕೊನೆಗೆ ಹೇಳಿದ್ದು: "ಬೀಗರು ಬಂದಾಗ ತೋರಿಸೋಕೆ ನಾಚ್ಕೆ ಆಗ್ತದೆ ಮಾರಾಯ. ನಮ್ದು ಒಂದು ದೇವಸ್ಥಾನ ಬೇಡವಾ?" ಆ ನಾಚಿಕೆ ನನಗೆ ಗೊತ್ತು. ಹಾಸ್ಟೆಲಿನಲ್ಲಿ ಮನೆದೇವರು ಯಾವುದು ಅಂತ ಕೇಳಿದರೆ ತಿರುಪತಿ, ಧರ್ಮಸ್ಥಳ ಅಂತ ಹೇಳೋರ ನಡುವೆ ಚೌಡಿ ಅನ್ನೋಕೆ ಎಷ್ಟು ಗಂಟಲು ಸರಿ ಮಾಡಿಕೊಳ್ಳಬೇಕು ಅಂತ ಗೊತ್ತು. ನನ್ನ ಗೆಳೆಯ ಗೇಮಿನಿಂದ ಕಲಿತಿದ್ದನ್ನು ನಮ್ಮೂರೂ ಬೇರೆ ಎಲ್ಲಿಂದಲೋ ಕಲಿತಿದೆ. ಓರ್ಕ್‌ಗಳು ಸ್ವತಃ ಎಲ್ಫ್ ಗುಡಿ ಕಟ್ಟಲು ಚಂದಾ ಎತ್ತುತ್ತಿದ್ದಾರೆ.

ನಾನು ಚಿಕ್ಕಪ್ಪನಿಗೆ ನಮ್ಮ ಮನೆ ಹತ್ತಿರದ ಬಸವನಗುಡಿಯ ಕಥೆ ಹೇಳಿದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ರೈತರ ಕಡಲೆಕಾಯಿ ಹೊಲಕ್ಕೆ ಒಂದು ಬಸವ ನುಗ್ಗಿ ತಿಂತಿತ್ತಂತೆ. ರೈತರು ಕೊನೆಗೆ ಅದರ ಜೊತೆ ರಾಜಿ ಆದರು: ಮೊದಲ ಫಸಲು ನಿನಗೆ, ಉಳಿದದ್ದು ನಮಗೆ. ಅದಕ್ಕೇ ಕಾರ್ತಿಕ ಮಾಸದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ. ಹೊಲ ಹೋಗಿ ಅಪಾರ್ಟ್‌ಮೆಂಟ್ ಬಂದರೂ ಲಕ್ಷಾಂತರ ಜನ ಆ ಹಳೇ ಒಪ್ಪಂದಕ್ಕೆ ಬರ್ತಾರೆ. ಬೆಂಗಳೂರಿನವರಿಗೆ ನಾಚಿಕೆ ಇಲ್ಲ, ನಮಗ್ಯಾಕೆ?

"ಬಸವನಿಗೆ ಕಲ್ಲಿನ ಗುಡಿ ಇದೆಯಲ್ಲ," ಅಂದರು ಚಿಕ್ಕಪ್ಪ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಜ್ಜಿಗೆ ಫೋನ್ ಕೊಡಿ ಅಂದೆ. ಅವಳಿಗೆ ಈಗ ಕಿವಿ ಮಂದ, ಎರಡು ಸಲ ಕೂಗಿ ಹೇಳಬೇಕಾಯ್ತು. ಕೇಳಿಸಿಕೊಂಡು ಅಂದಳು: "ಗುಡಿ ಕಟ್ಟಿ ಬಾಗ್ಲು ಹಾಕಿದ್ರೆ ಅವ್ಳು ಒಳಗೇ ಕೂತ್ಕಳ್ತಾಳೆ ತಮಾ. ಗದ್ದೆ ಕಾಯೋರು ಯಾರು?"

ನಾನು ಚಿಕ್ಕಪ್ಪನಿಗೆ ನನ್ನ ಲೆಕ್ಕ ಹೇಳಿದೆ. ಬನದವರೆಗೆ ಕಲ್ಲಿನ ದಾರಿ, ಕೈಕಾಲು ತೊಳೆಯಲು ನೀರು, ಅಡುಗೆ ಮಾಡುವವರಿಗೆ ಒಂದು ಶೀಟಿನ ಮಾಡು. ಇದಕ್ಕೆ 25 ಅಲ್ಲ, 40 ಸಾವಿರ ಕೊಡ್ತೀನಿ. ಮರ ಕಡಿಯೋಕೆ ಒಂದು ರೂಪಾಯಿ ಕೊಡಲ್ಲ. ಕೋಳಿ ವಿಷಯ ಊರಿನವರು ಕೂತು ತೀರ್ಮಾನ ಮಾಡಲಿ, ಬೆಂಗಳೂರಿನಿಂದ ಅಪ್ಪಣೆ ಕೊಡಿಸೋ ಆಸೆ ನನಗಿಲ್ಲ.

ಇತ್ತ ಆಟದಲ್ಲಿ ಓರ್ಕ್ ಪುಟಕ್ಕೆ ಗೆಳೆಯನ ಜೊತೆ ಕೂತು ಇನ್ನೊಂದಿಷ್ಟು ಸೇರಿಸಿದೆ. ಕಲ್ಲು, ರಕ್ತ, ಡೋಲು ಎಲ್ಲ ಹಾಗೇ ಇದೆ, ಒಂದನ್ನೂ ತೆಗೆದಿಲ್ಲ. ಕಾಲುವೆಯ ಕಥೆ ಸೇರಿದೆ, ಚೀಟಿಯಲ್ಲಿ ಜಾಗ ಸಿಗದ ಕಥೆ ಸೇರಿದೆ, ದೇವರನ್ನು ಬೈಯುವ ಹಕ್ಕು ಸೇರಿದೆ. ಹೋದ ಶನಿವಾರ ಅವನ ಪಾತ್ರ, ಕತ್ತಿ ಹಿಡಿದ ಧರ್ಮವೀರ, ಆ ಮರದ ಹತ್ತಿರ ಬಂತು. ಮೈಮೇಲೆ ಬಂದ ಮುದುಕಿ ಅವನನ್ನು "ನಿನ್ನ ಕುದುರೆ ಯಾರ ಗದ್ದೆ ತುಳಿದು ಬಂತು?" ಅಂತ ಕೇಳಿದಳು. ಅವನು ದಾಳ ಹಾಕಲಿಲ್ಲ. ಸ್ವಲ್ಪ ಯೋಚಿಸಿ, "ಎಷ್ಟು ಕೊಡಬೇಕು?" ಅಂದ.

ಊರಿನ ಮೀಟಿಂಗ್ ಸಂಕ್ರಾಂತಿ ಆದ ಮೇಲೆ. ಚಿಕ್ಕಪ್ಪ ಇನ್ನೂ ಸಿಟ್ಟಿನಲ್ಲೇ ಇದ್ದಾರೆ, ನನ್ನ ಮೆಸೇಜಿಗೆ ಉತ್ತರ ಕೊಡ್ತಿಲ್ಲ. ಆದರೆ ನಿನ್ನೆ ಗ್ರೂಪಿನಲ್ಲಿ ಕಲ್ಲುಕ್ವಾರಿಯವರ ನಂಬರ್ ಯಾರ ಹತ್ತಿರ ಇದೆ, ದಾರಿಗೆ ಹಾಸುವ ಕಲ್ಲು ಲೋಡಿಗೆ ಎಷ್ಟು ಅಂತ ವಿಚಾರಿಸಿದ್ದು ಅವರೇ.