ಮನೆಯ ಇಡ್ಲಿ, ಖಾನಾವಳಿಯ ರೊಟ್ಟಿ

ಅಡಿಗೆಯ ವಿಷಯವನ್ನು ಹೆಣ್ಣುಮಕ್ಕಳು ಬರೆಯಬೇಕು, ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮಾಸ್ತರರಿಗೆ ಅದರ ಗೊಡವೆಯೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಅಡಿಗೆ ಮಾಡಿದ ಅನುಭವ ನಮಗಿಲ್ಲವೆಂಬದು ನಿಜ. ಉಂಡ ಅನುಭವ ಮಾತ್ರ ಸಾಕಷ್ಟಿದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಎಂಬ ನಾಲ್ಕು ತಾಲೂಕಿನ ಊರುಗಳಲ್ಲಿ ಮೂವತ್ತಾರು ವರ್ಷ ಸಂಸ್ಕೃತ ಹೇಳಿಕೊಟ್ಟು, ಆ ನಾಲ್ಕೂ ಊರುಗಳ ನೀರನ್ನೂ ರೊಟ್ಟಿಯನ್ನೂ ಬಲ್ಲವರಾಗಿದ್ದೇವೆ. ಈ ಅವಧಿಯಲ್ಲಿ ನಮ್ಮ ಸೀಮೆಯ ಊಟದಲ್ಲಿ ಒಂದು ವಿಚಿತ್ರವಾದ ಅದಲುಬದಲು ನಡೆದುಹೋಗಿದೆ. ಹಿಂದೆ ಮನೆಯಲ್ಲಿ ಉಣ್ಣುತ್ತಿದ್ದುದನ್ನು ಈಗ ಖಾನಾವಳಿಗೆ ಹೋಗಿ ಉಣ್ಣುತ್ತೇವೆ. ಹಿಂದೆ ಹೊಟೇಲಿಗೆ ಹೋಗಿ ತಿನ್ನುತ್ತಿದ್ದುದನ್ನು ಈಗ ಮನೆಯಲ್ಲಿ ಮಾಡಿಕೊಳ್ಳುತ್ತೇವೆ.

೧೯೮೮ರಲ್ಲಿ ನಾವು ಮುದ್ದೇಬಿಹಾಳಕ್ಕೆ ಕೆಲಸಕ್ಕೆಂದು ಹೋದಾಗ ಇನ್ನೂ ಮದುವೆಯಾಗಿರಲಿಲ್ಲ. ಊಟಕ್ಕೆ ಖಾನಾವಳಿಯೇ ಗತಿ. ಖಾನಾವಳಿಯೆಂಬ ಶಬ್ದವು ಮರಾಠಿಯಿಂದ ಬಂದದ್ದು. ನಮ್ಮ ಜಿಲ್ಲೆಯು ೧೯೫೬ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಇಂಥ ಶಬ್ದಗಳು ನಮ್ಮಲ್ಲಿ ಬೇಕಾದಷ್ಟಿವೆ. ವಿಧವೆಯಾದ ಒಬ್ಬ ತಾಯಿಯೂ ಆಕೆಯ ಮಗನೂ ಕೂಡಿ ತಮ್ಮ ವಾಸದ ಮನೆಯಲ್ಲಿಯೇ ಅದನ್ನು ನಡೆಸುತ್ತಿದ್ದರು. ಹಣದ ವ್ಯವಹಾರವೆಲ್ಲ ತಿಂಗಳ ಲೆಕ್ಕ. ಬಿಸಿರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಕಡಿದುಕೊಳ್ಳಲಿಕ್ಕೆ ಹಸಿ ಉಳ್ಳಾಗಡ್ಡಿ, ಕಡೆಯಲ್ಲಿ ಹಿಡಿಯಷ್ಟು ಅನ್ನ ಸಾರು. ರೊಟ್ಟಿಯನ್ನು ಎಣಿಸುವ ಪದ್ಧತಿಯಿರಲಿಲ್ಲ. ಪರಾನ್ನವನ್ನು ಧರ್ಮಶಾಸ್ತ್ರಕಾರರು ಅಷ್ಟಾಗಿ ಮೆಚ್ಚಿಲ್ಲ. ಆದರೆ ವರ್ಗವಾಗಿ ಊರೂರು ತಿರುಗುವ ಮಾಸ್ತರನ ಪಾಡನ್ನು ಅವರು ಬಲ್ಲವರಲ್ಲ. ಆಗ ಖಾನಾವಳಿಯ ಹಲಗೆಯ ಮೇಲೆ ಜಾತಿಯ ಹೆಸರಿರುತ್ತಿತ್ತು, ಈಗಲೂ ಅನೇಕ ಕಡೆಗಿದೆ. ಅದರ ಅರ್ಥ ಮಾತ್ರ ಬದಲಾಗಿದೆ. ಲಿಂಗಾಯತ ಖಾನಾವಳಿಯೆಂದರೆ ರೊಟ್ಟಿ ಪಲ್ಯದ ಊಟ, ಸಾವಜಿ ಖಾನಾವಳಿಯೆಂದರೆ ಖಾರದ ಮಾಂಸದೂಟ, ಇಷ್ಟೇ ತಿಳಿಯತಕ್ಕದ್ದು. ನಿನ್ನ ಕುಲವಾವುದೆಂದು ಬಾಗಿಲಲ್ಲಿ ಕೇಳುವವರನ್ನು ನಾವಂತೂ ಕಂಡಿಲ್ಲ.

ಇಡ್ಲಿ, ದೋಸೆಗಳಾದರೋ ಆಗ ಉಡುಪಿಯವರ ಹೊಟೇಲಿನ ಪದಾರ್ಥಗಳು. ಪರೀಕ್ಷೆಯಲ್ಲಿ ಪಾಸಾದ ಹುಡುಗನನ್ನು ತಂದೆಯು ಸಂತೆಯ ದಿನ ಅಲ್ಲಿಗೆ ಕರೆದೊಯ್ಯುತ್ತಿದ್ದನು. ನಮ್ಮ ತಾಯಿಯವರು ಅದನ್ನು "ಹೊರಗಿನ ತಿಂಡಿ" ಎಂದೇ ಕರೆದರು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ೧೨ನೆಯ ಶತಕದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವನ್ನು ಓದಿದವರು ಇದಕ್ಕೆ ನಕ್ಕಾರು. ಅದರ ಅನ್ನಭೋಗದ ಭಾಗದಲ್ಲಿ ಇಡ್ಡರಿಕಾ, ಧೋಸಕ, ವಟಕಗಳೆಲ್ಲವೂ ಇವೆ. ಆ ಇಡ್ಡರಿಕೆಯಲ್ಲಿ ಅಕ್ಕಿಯಿಲ್ಲ, ಉದ್ದು ಮಾತ್ರ. ಬಾಗೇವಾಡಿಯ ಬಸವಣ್ಣನವರ ಶತಕವೂ ಅದೇ. ಅಂದಮೇಲೆ ಹೊರಗಿನದು ಯಾವದು, ಒಳಗಿನದು ಯಾವದು? ಅದೇ ಗ್ರಂಥದಲ್ಲಿ ಮೆಣಸಿನಕಾಯಿಯ ಸುಳಿವಿಲ್ಲ, ಇರುವದೂ ಸಾಧ್ಯವಿಲ್ಲ. ಮೆಣಸಿನಕಾಯಿಯೂ ಶೇಂಗಾವೂ ಅಮೇರಿಕಾ ಖಂಡದಲ್ಲಿ ಹುಟ್ಟಿ, ೧೬ನೆಯ ಶತಕದಿಂದೀಚೆಗೆ ಸಮುದ್ರ ದಾಟಿ ಬಂದವುಗಳು. ನಮ್ಮ ಶುದ್ಧ ಸ್ವದೇಶಿ ಊಟದಿಂದ ಶೇಂಗಾ ಹಿಂಡಿಯನ್ನೂ ಕೆಂಪು ಖಾರವನ್ನೂ ತೆಗೆದುಹಾಕಿ ನೋಡಿದರೆ ತಾಟಿನಲ್ಲಿ ಉಳಿಯುವದೆಷ್ಟೆಂಬದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಆದುದರಿಂದ ಸೊಸೆಯು ಮನೆಯಲ್ಲಿ ಹೊಸ ತಿನಿಸುಗಳನ್ನು ಮಾಡತೊಡಗಿದಾಗ ನಾವು ಆಕ್ಷೇಪಿಸಲಿಲ್ಲ. ಆಕೆ ಶಿವಮೊಗ್ಗೆಯ ಕಡೆಯವಳು, ಅಕ್ಕಿಯೂಟದಲ್ಲಿ ಬೆಳೆದವಳು, ಇಲ್ಲಿಯೇ ಇಂಡಿಯಲ್ಲಿ ಬ್ಯಾಂಕಿನ ಕೆಲಸ. ವಾರಕ್ಕೆ ಮೂರು ದಿನ ಇಡ್ಲಿ, ಒಂದು ದಿನ ನೂಡಲ್ಸು. ೨೦೨೪ರ ಮಾರ್ಚ್ ತಿಂಗಳಲ್ಲಿ ಸರಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವದನ್ನು ನಿಷೇಧಿಸಿತಷ್ಟೆ. ಅಂದಿನಿಂದ ಮೊಮ್ಮಗನಿಗೆ ಗಾಡಿಯ ಮುಂದೆ ನಿಲ್ಲುವದು ತಪ್ಪಿ, ಬಣ್ಣವಿಲ್ಲದ ಗೋಬಿಯು ಮನೆಯಲ್ಲಿಯೇ ಕರಿಯಲ್ಪಡುತ್ತಿದೆ. ನಮ್ಮ ಮನೆಯವರು ಮೊದಲು ಮೂಗು ಮುರಿದರು. ಆಮೇಲೆ ಒಂದು ಸಂಜೆ ನೂಡಲ್ಸಿನ ಮೇಲೆ ಗುರೆಳ್ಳು ಹಿಂಡಿಯನ್ನು ಉದುರಿಸಿಕೊಂಡು ಉಂಡರು. ಮೊಮ್ಮಗನು ಈಗ ಅದನ್ನು ಬೇರೆ ರೀತಿಯಲ್ಲಿ ಮುಟ್ಟುವದಿಲ್ಲ. ಇಂಡಿಯ ಲಿಂಬೆಯನ್ನೂ ಹಿಂಡಬೇಕೆನ್ನುತ್ತಾನೆ.

ಆದರೆ ರೊಟ್ಟಿ? ಅದು ಮೆಲ್ಲಗೆ ಮನೆಯಿಂದ ಎದ್ದುಹೋಯಿತು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಸಜ್ಜೆಯ ರೊಟ್ಟಿ ಇಂದಿಗೂ ಆಗುತ್ತದೆ, ನೆರೆಯ ಹೆಣ್ಣುಮಕ್ಕಳು ಬಂದು ಕೈಗೂಡಿಸುತ್ತಾರೆ. ನಿತ್ಯದ ಜೋಳದ ರೊಟ್ಟಿಯ ಮಾತು ಬೇರೆ. ಸಂಸ್ಕೃತದಲ್ಲಿ ಯಾವನಾಲವೆನಿಸಿಕೊಂಡ ಈ ಧಾನ್ಯಕ್ಕೆ ಗೋದಿಯ ಜಿಗುಟಿಲ್ಲ. ಕುದಿಯುವ ಎಸರು ಸುರಿದು, ಬಿಸಿ ಆರುವದರೊಳಗೆ ನಾದಬೇಕು. ಅಂಗೈಯಿಂದ ತಿರುತಿರುಗಿಸಿ ಬಡಿಯಬೇಕು. ಹಂಚಿನ ಮೇಲೆ ಹಾಕಿ ನೀರು ಸವರಬೇಕು. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಅಂಚು ಒಡೆಯುವದು. ಪುಸ್ತಕ ನೋಡಿ ಕಲಿಯುವ ವಿದ್ಯೆಯಲ್ಲ, ಪಕ್ಕದಲ್ಲಿ ಕುಳಿತು ಕಲಿಯುವದು. ನಮ್ಮ ಮನೆಯವರ ಮಣಿಕಟ್ಟು ನೋಯತೊಡಗಿ ಆರು ವರ್ಷವಾಯಿತು, ವೈದ್ಯರು ಬಡಿಯುವದು ಬೇಡವೆಂದರು. ಸೊಸೆಗೆ ಅದು ಬಾರದು, ಮುಂಜಾನೆ ಪುರಸತ್ತೂ ಇಲ್ಲ.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳೆಂದು ಹೇಳುತ್ತಿದ್ದ ಎರೆಭೂಮಿಯಲ್ಲಿಯೇ ಹಿಂಗಾರಿ ಜೋಳವನ್ನು ಬಿತ್ತಿದ್ದ ಹೊಲಗಳೆಷ್ಟೋ ತೊಗರಿಗೆ ಹೋದವು. ಆಲಮಟ್ಟಿಯ ನೀರು ಹರಿದಲ್ಲಿ ಕಬ್ಬು ಬಂದಿತು. ೨೦೧೩ರಲ್ಲಿ ಅನ್ನಭಾಗ್ಯವು ಪ್ರಾರಂಭವಾದ ಮೇಲೆ ಬಡವರ ಮನೆಯಲ್ಲಿಯೂ ಅಕ್ಕಿ ತುಂಬಿತು, ಹಸಿವು ಹಿಂಗಿತು. ಇದನ್ನು ಯಾವ ವಿವೇಕಿಯೂ ಹಳಿಯಲಾರನು. ಅನ್ನಕ್ಕೆ ಕುಕ್ಕರಿನಲ್ಲಿ ಮೂರು ಸೀಟಿ ಸಾಕು, ರೊಟ್ಟಿಗೆ ಮಾತ್ರ ಒಬ್ಬಳು ಒಲೆಯ ಮುಂದೆ ಕೂಡಲೇಬೇಕು. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳದ ಗುಣಗಾನವನ್ನು ಸಭೆಗಳಲ್ಲಿ ಬಹಳವಾಗಿ ಕೇಳಿದೆವು. ಬಡಿಯುವ ಕೈಗಳ ಬಗೆಗೆ ಯಾರೂ ಮಾತಾಡಿದ್ದು ನೆನಪಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಮದುವೆಯ ನಿಮಿತ್ತ ಸಿಂದಗಿಗೆ ಹೋದವರು, ತಿರುಗಿ ಬರುವ ದಿನ ಅಲ್ಲಿಯ ಒಂದು ಖಾನಾವಳಿಗೆ ನಮ್ಮ ಮನೆಯವರನ್ನು ಕರೆದೊಯ್ದೆವು. ಆ ವರೆಗೆ ಅವರು ಖಾನಾವಳಿಯ ಹೊಸತಿಲು ತುಳಿದವರಲ್ಲ. ಗಂಡಸರು ಉಣ್ಣುವ ಸ್ಥಳವೆಂಬ ಭಾವನೆ. ಸೆರಗು ಸರಿಪಡಿಸಿಕೊಂಡು ಮೂಲೆಯಲ್ಲಿ ಕುಳಿತರು. ಹಂಚಿನಿಂದ ಇಳಿದ ರೊಟ್ಟಿಯು ಉಬ್ಬಿದ್ದು ಉಬ್ಬಿದಂತೆಯೇ ಅವರ ತಾಟಿಗೆ ಬಂದಿತು. ಮುರಿದಾಗ ಹಬೆ ಎದ್ದಿತು. ಬಡಿಯುವವಳಿಗೆ ಬಿಸಿರೊಟ್ಟಿ ದೊರೆಯದೆಂಬದು ನಮ್ಮ ಸೀಮೆಯ ಅಡಿಗೆಮನೆಗಳ ಅಲಿಖಿತ ಸೂತ್ರ. ಎಲ್ಲರದಾದ ಮೇಲೆ ಆಕೆಯ ಪಾಲಿಗೆ ಬರುವದು ಕಡೆಯ ಎರಡು, ಅದೂ ಆರಿದವು. ಬಡಿಸುವ ಹೆಣ್ಣುಮಗಳು "ಇನ್ನೊಂದ ಹಾಕಿಸ್ಕೋರಿ ಅಕ್ಕಾರ, ಬಿಸಿ ಐತಿ" ಎಂದಳು. ಹಾಕಿಸಿಕೊಂಡರು. ಮತ್ತೊಂದನ್ನೂ ಹಾಕಿಸಿಕೊಂಡರು. ಇಷ್ಟು ವರ್ಷಗಳ ಸಂಸಾರದಲ್ಲಿ ಅವರು ನಮ್ಮಿಂದ ಒಂದು ರೊಟ್ಟಿ ಹೆಚ್ಚು ಉಂಡದ್ದು ಅಂದೇ.

ಕೈತೊಳೆದ ಮೇಲೆ ಅವರು ನೇರವಾಗಿ ಅಡಿಗೆಮನೆಗೆ ನಡೆದರು. ನಾವು ಬಾಗಿಲಲ್ಲಿ ನಿಂತೆವು. ಒಲೆಯ ಮುಂದೆ ನಲವತ್ತರ ಹೆಂಗಸೊಬ್ಬಳು ಬಡಿಯುತ್ತಿದ್ದಳು.

"ದಿನಾ ಎಷ್ಟ ಬಡೀತಿ, ತಂಗಿ?"

"ಲೆಕ್ಕ ಇಟ್ಟಿಲ್ರಿ ಯಕ್ಕಾ. ಹಿಟ್ಟಿನ ಬುಟ್ಟಿ ಬರಿದಾಗೂತನಕ."

"ಮಗಳದಾಳೇನು? ಆಕಿಗಿ ಬರ್ತದ?"

"ಕಾಲೇಜಿಗಿ ಹೊಕ್ಕಾಳ್ರಿ. ಬೇಕಂತ ಕಲಿಸಿಲ್ಲ. ಕಲತರ ಆಕೀನೂ ಇಲ್ಲೇ ಕುಂದರತಾಳ."

ನಮ್ಮ ಮನೆಯವರು ತಮ್ಮ ಮಣಿಕಟ್ಟನ್ನು ನೀವಿಕೊಂಡರು, ಏನೂ ಅನ್ನಲಿಲ್ಲ. ಆ ತಾಯಿಯ ಮಾತಿಗೆ ಉತ್ತರವಿದೆಯೆಂದು ನಮಗೂ ತೋರಲಿಲ್ಲ. ರೊಟ್ಟಿಯನ್ನು ಹೊಗಳುವ ನಮ್ಮಂಥವರು ತಾಟಿನ ಈಚೆಗೆ ಕುಳಿತವರು. ಆಕೆ ಹೊಗೆಯ ಆಚೆಗಿದ್ದಳು. ಖಾನಾವಳಿಯು ನಮ್ಮ ಊಟವನ್ನು ಕಾಪಾಡಿದೆಯೆಂದು ನಾವು ಹಿಗ್ಗುತ್ತಿರುವಾಗ, ಕಾಪಾಡುತ್ತಿರುವವಳೇ ತನ್ನ ಮಗಳನ್ನು ಅದರಿಂದ ಕಾಪಾಡುತ್ತಿದ್ದಳು.

ಮುಂದಿನ ಆದಿತ್ಯವಾರ ನಮ್ಮ ಮನೆಯವರು ಹತ್ತು ವರ್ಷದ ಮೊಮ್ಮಗನನ್ನು ಒಲೆಯ ಬಳಿಗೆ ಕರೆದರು. "ಹೆಣ್ಣಮಕ್ಕಳಿಗಿ ಕಲಿಸೂದ ಬ್ಯಾಡಂದ್ರ ಗಂಡಮಕ್ಕಳಿಗಿ ಕಲಿಸೂಣು" ಎಂಬದು ಅವರ ನಿರ್ಣಯ. ಸೊಸೆಯು ನಗುತ್ತ, "ಅತ್ತೆ, ನನಗೂ ತೋರಿಸಿ" ಎಂದು ಪಕ್ಕದಲ್ಲಿ ಕುಳಿತಳು. ಮೊದಲಿನ ಮೂರು ಹಂಚಿಗೆ ಹೋಗುವ ಮೊದಲೇ ಹರಿದವು. ನಾಲ್ಕನೆಯದು ಹರಿಯಲಿಲ್ಲ, ಆದರೆ ಅದನ್ನು ಗುಂಡಗಿದೆಯೆಂದು ಹೇಳಲು ಅಜ್ಜನ ಪ್ರೀತಿಯೇ ಬೇಕು. ಅವನು ಅದನ್ನು ಯಾರಿಗೂ ಕೊಡದೆ ಗೋಬಿಯ ಜೊತೆ ತಾನೇ ತಿಂದನು. ಹಿಟ್ಟು ಹಳೆಯದಾಗಿತ್ತೆಂದು ನಮ್ಮ ಮನೆಯವರು ಮಧ್ಯಾಹ್ನವೇ ನಮ್ಮ ಕೈಯಲ್ಲಿ ಜೋಳದ ಡಬ್ಬಿ ಕೊಟ್ಟು ಗಿರಣಿಗೆ ಕಳಿಸಿದರು.