ಚಂದ್ರಗಿರಿ ಹೊಳೆಯ ದಂಡೆಯಲ್ಲಿ

ಅಮರಾಪುರದ ನಮಗೆ ದೋಣಿಯೆಂಬುದು ಪಾಠಪುಸ್ತಕದ ಚಿತ್ರ. ಮಡಕಶಿರಾ ಸೀಮೆಯಲ್ಲಿ ಕೆರೆ ತುಂಬುವುದೇ ಅಪರೂಪ. ಕಡಲೆಕಾಯಿ ಹೊಲಕ್ಕೆ ಒಂದು ಹದ ಮಳೆ ಬಂದರೆ ಸಾಕೆಂದು ಮುಗಿಲು ನೋಡುವ ಜನ ನಾವು. ಆಂಧ್ರದೊಳಗಿನ ಕನ್ನಡಿಗರಾದ ನಮಗೆ, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರನ್ನು ಕಾಣುವ ಹಂಬಲ ಬಹುಕಾಲದ್ದು. ಆ ಪ್ರವಾಸದಲ್ಲಿ, 17ನೆಯ ಶತಮಾನದ ಚಂದ್ರಗಿರಿ ಕೋಟೆಯನ್ನು ನೋಡಿ ಹೊಳೆಯ ದಂಡೆಗೆ ಇಳಿದಾಗ, ಅಲ್ಲಿ ಮೀನುದೋಣಿಯೊಂದರ ಹಳೆಯ ಎಂಜಿನಿನ ರಿಪೇರಿ ನಡೆದಿತ್ತು.

ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನು ಅದು. ಹಗ್ಗವನ್ನು ಹತ್ತಾರು ಬಾರಿ ಎಳೆದರೆ ಒಮ್ಮೆ ಚಾಲೂ ಆಗುವುದು, ಬಿಸಿಯೇರಿದೊಡನೆ ನಿಂತುಬಿಡುವುದು. “ದಡದಲ್ಲಿ ನಿಂತರೆ ಚಿಂತೆಯಿಲ್ಲ ಮಾಷ್ಟ್ರೇ, ಅಳಿವೆಯಲ್ಲಿ ನಿಂತರೆ ದೋಣಿ ತೆರೆಗೆ ಅಡ್ಡ ತಿರುಗ್ತದೆ” ಎಂದರು ಮಿಸ್ತ್ರಿ. ಕೆಲಸದ ಗಾಂಭೀರ್ಯ ನಮಗಾಗ ತಿಳಿಯಿತು.

ಇಂಥ ಹಳೆಯ ಎಂಜಿನಿನಲ್ಲಿ ಕಿಡಿಗೆ ಬ್ಯಾಟರಿ ಬೇಕಿಲ್ಲ. ಮೇಲಿನ ಭಾರವಾದ ಚಕ್ರದಲ್ಲಿ ಅಯಸ್ಕಾಂತ. ಅದರಡಿಯಲ್ಲಿ ಕಾಯಿಲು, ಪಾಯಿಂಟು, ಕಂಡೆನ್ಸರು. ಚಕ್ರ ತಿರುಗಿದಾಗ ಕಾಯಿಲಿನಲ್ಲಿ ವಿದ್ಯುತ್ತು ಹರಿಯುತ್ತದೆ. ಪಾಯಿಂಟು ತೆರೆದ ಕ್ಷಣದಲ್ಲಿ ಆ ಪ್ರವಾಹ ಕಡಿದು, ಕಾಯಿಲಿನ ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟು ಹುಟ್ಟಿ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ಕಿಡಿ ಪಾಯಿಂಟಿನಲ್ಲಿಯೇ ಹಾರಿ ಅದನ್ನು ಸುಡದಂತೆ ಕಾಯುವುದು ಕಂಡೆನ್ಸರು.

ಮಿಸ್ತ್ರಿ ಚಕ್ರಕ್ಕೆ ಸುತ್ತಿಗೆ ಹಾಕಲಿಲ್ಲ. ಪುಲ್ಲರ್ ಕಟ್ಟಿ ಮೆಲ್ಲಗೆ ಎತ್ತಿದರು. ಉಪ್ಪುಗಾಳಿಗೆ ಪಾಯಿಂಟು ಕಪ್ಪಿಟ್ಟಿತ್ತು. ಕಾಯಿಲಿನ ಹೊದಿಕೆ ಬಿರಿದಿತ್ತು. ಮೂರು ಬಿಡಿಭಾಗಗಳನ್ನೂ ಬದಲಿಸಿ, ಪಾಯಿಂಟು ಪೂರ್ತಿ ತೆರೆದಾಗ ನಡುವೆ 0.020 ಅಂಗುಲದ, ಎಂದರೆ ಸುಮಾರು ಅರ್ಧ ಮಿಲಿಮೀಟರಿನ, ಅಳತೆತಗಡು ಆಡುವಂತೆ ಅಂತರ ಹೊಂದಿಸಿದರು. ಈ ಅಳತೆ ಎಲ್ಲ ಎಂಜಿನಿಗೂ ಒಂದೇ ಅಲ್ಲ. ಜಿಡ್ಡು ಉಳಿಯಬಾರದೆಂದು ಬಿಳಿ ಕಾಗದದ ಚೂರನ್ನು ಪಾಯಿಂಟಿನ ನಡುವೆ ಎಳೆದು ಒರೆಸಿದರು. ಚಕ್ರವನ್ನು ಕೂರಿಸುವಾಗ ಅದರ ಪುಟ್ಟ ಕೀಲು ಸ್ವಸ್ಥಾನದಲ್ಲಿದೆಯೇ ಎಂದು ಎರಡು ಬಾರಿ ನೋಡಿದರು. ಅದು ಕತ್ತರಿಸಿದರೆ ಕಿಡಿ ಹಾರುವ ಹೊತ್ತೇ ತಪ್ಪುವುದು.

ಮೂರನೆಯ ಎಳೆತಕ್ಕೆ ಎಂಜಿನು ಗುಡುಗಿತು. ಆದರೂ ಮಿಸ್ತ್ರಿ ದೋಣಿಯನ್ನು ಒಡನೆ ಬಿಡಲಿಲ್ಲ. ಬಿಸಿಯಲ್ಲಿ ಕಂಡ ದೋಷವನ್ನು ಬಿಸಿಯಲ್ಲಿಯೇ ಪರೀಕ್ಷಿಸಬೇಕೆಂದು, ದಡದ ನೀರಿನಲ್ಲಿ ಬಹಳ ಹೊತ್ತು ಓಡಿಸಿ ನೋಡಿದ ಮೇಲೆಯೇ ಒಪ್ಪಿಗೆ ಕೊಟ್ಟರು.

ನಮ್ಮೂರ ಹಳೆಯ ಮೊಪೆಡ್ಡುಗಳಲ್ಲಿಯೂ ಇದ್ದುದು ಇದೇ ಏರ್ಪಾಡು. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವನ್ನು ನಾವು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದೇವೆ. ಅದನ್ನು ನಂಬಿ ಕಡಲಿಗಿಳಿಯುವವರನ್ನು ಕಂಡದ್ದು ಮಾತ್ರ ಅಂದೇ.