ಕುದುರೆ ತೋಟದ ಹಳೆಯ ಕುದುರೆಗಳು

ಜರ್ಮನಿಯ ನೈರುತ್ಯ ಭಾಗದಲ್ಲಿ, ದ್ರಾಕ್ಷಿ ಬೆಳೆಯುವ ಗುಡ್ಡಗಳ ನಡುವೆ ಬೋಗುಣಿಯೊಳಗೆ ಕುಳಿತಂತಿರುವ ಊರು ಸ್ಟುಟ್‌ಗಾರ್ಟ್. ಸುಮಾರು ಸಾವಿರ ವರ್ಷಗಳ ಹಿಂದೆ ಇಲ್ಲಿದ್ದದ್ದು ಕುದುರೆ ಸಾಕುವ ತಾಣ. 'ಹೆಣ್ಣುಕುದುರೆಗಳ ತೋಟ' ಎಂಬ ಮಾತೇ ಸವೆದು ಊರಿನ ಹೆಸರಾಯಿತು. ನಗರದ ಲಾಂಛನದಲ್ಲಿ ಇಂದಿಗೂ ಕಪ್ಪು ಕುದುರೆಯೊಂದು ಮುಂಗಾಲೆತ್ತಿ ನಿಂತಿದೆ. ಅದೇ ಕುದುರೆ ಪೋರ್ಷೆ ಕಾರಿನ ಮೂತಿಯ ಮೇಲೂ ಇದೆ. ಕುದುರೆ ಹೋಗಿ ಕಾರು ಬಂದಿತೇ ಹೊರತು, ಹಳೆಯದನ್ನು ಪರೀಕ್ಷಿಸಿ ಕೊಳ್ಳುವ ಕಲೆ ಈ ಊರಿನಿಂದ ಮಾಯವಾಗಿಲ್ಲ.

ಕೇಂದ್ರ ನಿಲ್ದಾಣದಿಂದ ಎಸ್-6 ಉಪನಗರ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಝುಫೆನ್‌ಹೌಸನ್ ಬಡಾವಣೆ. ನಿಲ್ದಾಣದ ಹೆಸರಿನಲ್ಲೇ ಪೋರ್ಷೆ ಇದೆ. ಇಳಿದರೆ ಎದುರಿಗೆ ಕಾರ್ಖಾನೆ; ಪಕ್ಕದಲ್ಲಿ ಮೂರೇ ಕಂಬಗಳ ಮೇಲೆ ತೇಲುತ್ತಿರುವಂತೆ ಕಾಣುವ ಬಿಳಿಯ ಕಟ್ಟಡ. ಅದು 2009ರ ಜನವರಿಯಲ್ಲಿ ತೆರೆದ ಪೋರ್ಷೆ ವಸ್ತುಸಂಗ್ರಹಾಲಯ. ಒಳಗೆ ಕಾಲಿಟ್ಟವರ ಕಣ್ಣಿಗೆ ಬೀಳುವುದು ಗಾಜಿನಾಚೆಯ ವರ್ಕ್‌ಶಾಪು. ಅಲ್ಲಿ ಮೆಕ್ಯಾನಿಕ್‌ಗಳು ದಶಕಗಳಷ್ಟು ಹಳೆಯ ಕಾರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಾರೆ. ಸಂಗ್ರಹಾಲಯದ ಕಾರುಗಳೂ ಆಗಾಗ ರಸ್ತೆಗಿಳಿಯಬೇಕು ಎಂಬುದು ಇಲ್ಲಿಯ ಪದ್ಧತಿ.

ಈ ಊರಿನ ಹೆಸರಾಂತ ಕಾರು 911. 1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂದಾಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತನ್ನವು ಎಂದು ಫ್ರಾನ್ಸಿನ ಪ್ಯೂಜೊ ಕಂಪನಿ ತಕರಾರು ತೆಗೆಯಿತು. ಸೊನ್ನೆ ಹೋಗಿ ಒಂದು ಬಂತು! ಇಂಜಿನ್ ಹಿಂಬದಿಯಲ್ಲಿ, ಆರು ಸಿಲಿಂಡರ್‌ಗಳು ಎರಡು ಸಾಲಾಗಿ ಅಡ್ಡಡ್ಡ ಮಲಗಿರುವ ಈ ಕಾರಿನ ಹತ್ತು ಲಕ್ಷದ ಗಾಡಿ 2017ರ ಮೇ ತಿಂಗಳಲ್ಲಿ ಇದೇ ಝುಫೆನ್‌ಹೌಸನ್‌ನಿಂದ ಹೊರಬಂತು. ಹೊಸದರ ಬೆಲೆ ಕೇಳಿದರೆ ಸಾಮಾನ್ಯರಿಗೆ ತಲೆ ತಿರುಗುತ್ತದೆ. ಆದ್ದರಿಂದಲೇ ಇದನ್ನು ಆಸೆಪಟ್ಟ ಅನೇಕರ ದಾರಿ ಸೆಕೆಂಡ್ ಹ್ಯಾಂಡ್ ಕಾರಿನತ್ತ ತಿರುಗುತ್ತದೆ.

ಹಳೆಯ ಕಾರುಗಳನ್ನು ಒಟ್ಟಿಗೆ ನೋಡಬೇಕೆಂದರೆ ಎಸ್-1 ರೈಲು ಹಿಡಿದು ನೆರೆಯ ಬ್ಯೋಬ್ಲಿಂಗನ್‌ಗೆ ಹೋಗಬೇಕು. 1925ರಲ್ಲಿ ಶುರುವಾದ ವಿಮಾನ ನಿಲ್ದಾಣದ ಕಟ್ಟಡಗಳು 2009ರಿಂದ ಕಾರುಗಳ ಸಂತೆಯಾಗಿವೆ. ಈಗಿನ ಹೆಸರು ಮೋಟರ್‌ವರ್ಲ್ಡ್. ವ್ಯಾಪಾರಿಗಳು, ರಿಪೇರಿ ಅಂಗಡಿಗಳು, ಹೋಟೆಲು ಎಲ್ಲವೂ ಒಂದೇ ಕಡೆ. ವಿಮಾನಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಗಾಜಿನ ಕೋಣೆಗಳು. ಮಾಲೀಕರು ಬಾಡಿಗೆ ಕೊಟ್ಟು ತಮ್ಮ ಕಾರುಗಳನ್ನು ಅವುಗಳಲ್ಲಿ ಇಡುತ್ತಾರೆ. ನೋಡಲು ಬಂದವರು ಗಾಜಿಗೆ ಮೂಗು ಒತ್ತಿ ನಿಂತಿರುತ್ತಾರೆ.

ಕನ್ನಡ ನಾಡಿನ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಸುಳಿ, ಕೊನೆಗೆ ನಡೆಸಿ ನೋಡುತ್ತಾನೆ. ಇಲ್ಲಿಯ ಜಾಣ ಗಿರಾಕಿ ಮಾಡುವುದೂ ಅದನ್ನೇ. ಕಾರಿನ ಹಲ್ಲು ಎಂದರೆ ಅದರ ಸರ್ವೀಸ್ ಪುಸ್ತಕ. ಯಾವ ವರ್ಷ, ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಾಯಿತು, ಯಾವ ಗ್ಯಾರೇಜಿನ ಮುದ್ರೆ ಬಿದ್ದಿದೆ ಎಂಬುದನ್ನು ಪುಟಪುಟ ತಿರುವಿ ಓದುತ್ತಾರೆ. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಜರ್ಮನಿಯಲ್ಲಿ 2005ರಿಂದ ಶಿಕ್ಷಾರ್ಹ ಅಪರಾಧ. ಆದರೂ ಮೀಟರನ್ನೂ ಪುಸ್ತಕವನ್ನೂ ತಾಳೆ ನೋಡದೆ ಯಾರೂ ಕೈ ಕುಲುಕುವುದಿಲ್ಲ.

ಸುಳಿ ನೋಡುವ ಕೆಲಸಕ್ಕೆ ಉಪಕರಣಗಳಿವೆ. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಬಾಗಿಲು, ಬಾನೆಟ್ಟಿನ ಮೇಲೆ ಇಡುತ್ತಾರೆ. ಒಂದು ಕಡೆ ಮಾತ್ರ ಅಂಕಿ ಎರಡು ಮೂರು ಪಟ್ಟು ಹೆಚ್ಚಿದ್ದರೆ ಅಲ್ಲಿ ಮತ್ತೆ ಬಣ್ಣ ಬಳಿದಿದ್ದಾರೆ ಎಂದರ್ಥ. ಏಕೆ ಎಂದು ಕೇಳಬೇಕು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಇನ್ನು 1990ರ ದಶಕದ ಕೊನೆಯಿಂದೀಚಿನ 911ಗಳಲ್ಲಿ ಇಂಜಿನ್ನಿನ ಕಂಪ್ಯೂಟರೇ ಸಾಕ್ಷಿ. ಹಿಂದಿನ ಯಜಮಾನ ಇಂಜಿನ್ನನ್ನು ಮಿತಿ ಮೀರಿ ತಿರುಗಿಸಿದ್ದರೆ ಅದನ್ನು ಬರೆದಿಟ್ಟುಕೊಂಡಿರುತ್ತದೆ. ಅದು ಮಾಲೀಕನ ಮುಖ ನೋಡಿ ಸಾಕ್ಷಿ ಹೇಳುವುದಿಲ್ಲ!

ಇಷ್ಟು ಎಚ್ಚರ ಏಕೆ? ಒಂದು ಬೇರಿಂಗ್‌ನ ಕಥೆ ಕೇಳಿದರೆ ಗೊತ್ತಾಗುತ್ತದೆ. 1990ರ ದಶಕದ ಕೊನೆಯಿಂದ 2008ರವರೆಗೆ ಬಂದ ಸಾಮಾನ್ಯ 911 ಮತ್ತು ಬಾಕ್ಸ್‌ಸ್ಟರ್ ಕಾರುಗಳ ಇಂಜಿನ್ನಿನೊಳಗೆ, ಮುಖ್ಯ ದಂಡದ ಚಲನೆಯನ್ನು ಕವಾಟ ತೆರೆಯುವ ದಂಡಗಳಿಗೆ ಮುಟ್ಟಿಸುವ ನಡುದಂಡವೊಂದಿದೆ. ಅದರ ಒಂದು ತುದಿಯನ್ನು ಹೊತ್ತಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬೇರಿಂಗ್. ಅದು ಪುಡಿಯಾದರೆ ಕವಾಟಗಳ ತಾಳ ತಪ್ಪಿ ಇಡೀ ಇಂಜಿನ್ನೇ ಹಾಳು. ಎಲ್ಲ ಕಾರಿನಲ್ಲೂ ಹೀಗಾಗುವುದಿಲ್ಲ. ಆ ಕಾಲದ ಟರ್ಬೊ 911ಗಳ ಇಂಜಿನ್ನೇ ಬೇರೆ, ಅವಕ್ಕೆ ಈ ಕಾಟವಿಲ್ಲ. 2009ರ ಮಾದರಿಯಿಂದ ಬಂದ ಹೊಸ ಇಂಜಿನ್ನಿನಲ್ಲಿ ಆ ನಡುದಂಡವನ್ನೇ ತೆಗೆದುಹಾಕಿದರು. ಹಳೆಯದನ್ನು ಕೊಳ್ಳುವವರು ಆಯಿಲ್ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ನೋಡಿಸುತ್ತಾರೆ. ಮೊದಮೊದಲಿನ ಮಾದರಿಗಳಾದರೆ ಕ್ಲಚ್ ಬದಲಾಯಿಸುವಾಗಲೇ ಬೇರಿಂಗನ್ನೂ ಬದಲಾಯಿಸುತ್ತಾರೆ. ಆ ಕಾಲದ ಕಾರುಗಳು ಅವುಗಳಿಗಿಂತ ಹಳೆಯ, ಗಾಳಿಯಿಂದ ತಂಪಾಗುವ ಇಂಜಿನ್ನಿನ 911ಗಳಿಗಿಂತಲೂ ಅಗ್ಗವಾಗಿ ಸಿಗಲು ಈ ಭಯವೂ ಒಂದು ಕಾರಣ.

ಅಗ್ಗವೆಂದು ಉಳಿತಾಯವನ್ನೆಲ್ಲ ಬೆಲೆಗೇ ಸುರಿದವನು ಕೆಡುವುದು ಇಲ್ಲೇ. ಕಾರಿನ ಬೆಲೆ ವಯಸ್ಸಾದಂತೆ ಇಳಿಯಬಹುದು. ಬ್ರೇಕ್, ಕ್ಲಚ್, ಟೈರುಗಳ ಬೆಲೆ ಇಳಿಯುವುದಿಲ್ಲ. ವಿಮೆಯೂ ಹಾಗೆಯೇ. ಜರ್ಮನಿಯಲ್ಲಿ ಅಪಘಾತವಿಲ್ಲದೆ ಕಳೆದ ವರ್ಷಗಳು ಹೆಚ್ಚಿದಂತೆ ಕಂತು ಕಡಿಮೆಯಾಗುತ್ತದೆ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗ ಹುಡುಗಿಯರಿಗೇ ಹೆಚ್ಚಿನ ಹೊರೆ. ತಾಂತ್ರಿಕ ಪರೀಕ್ಷೆಯಂತೂ ಎರಡು ವರ್ಷಕ್ಕೊಮ್ಮೆ ತಪ್ಪದು. ಹಿಂದಿನ ನಂಬರ್ ಪ್ಲೇಟಿನ ಮೇಲಿನ ದುಂಡನೆಯ ಬಣ್ಣದ ಚೀಟಿ, ಮುಂದಿನ ಪರೀಕ್ಷೆ ಯಾವ ತಿಂಗಳು ಎಂಬುದನ್ನು ದಾರಿಹೋಕರಿಗೂ ಹೇಳುತ್ತದೆ.

ಇಟ್ಟುಕೊಳ್ಳುವುದು ಎಂದರೆ ಬೀಗ ಹಾಕಿ ಇಡುವುದೂ ಅಲ್ಲ. ನಿಂತೇ ಇರುವ ಕಾರಿನ ರಬ್ಬರು ಒಣಗುತ್ತದೆ, ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಆಯಿಲ್ ನೀರಿನ ಅಂಶ ಹೀರುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವುದರಿಂದ ತುಕ್ಕಿನ ಭಯ. ಇದಕ್ಕೂ ಉಪಾಯವಿದೆ: ವರ್ಷದ ಕೆಲವೇ ತಿಂಗಳು ಚಾಲ್ತಿಯಲ್ಲಿರುವ ನಂಬರ್ ಪ್ಲೇಟು. ಆ ತಿಂಗಳುಗಳ ಅಂಕಿ ಪ್ಲೇಟಿನ ಅಂಚಿನಲ್ಲೇ ಇರುತ್ತದೆ. ತೆರಿಗೆ, ವಿಮೆಗಳೂ ಅಷ್ಟೇ ತಿಂಗಳಿಗೆ. ಜಿಪುಣರೆಂದು ಉಳಿದ ಜರ್ಮನರಿಂದ ಹಾಸ್ಯ ಮಾಡಿಸಿಕೊಳ್ಳುವ ಈ ಸ್ವಾಬಿಯಾ ಸೀಮೆಯವರಿಗೆ ಇದಕ್ಕಿಂತ ಒಗ್ಗುವ ಏರ್ಪಾಡು ಬೇರೆ ಬೇಕೆ?

ಹಳೆಯ ಕಾರಿಗೆ ಬಿಡಿಭಾಗ ಸಿಗದಿದ್ದರೆ ಎಂಬ ಚಿಂತೆಗೂ ಇಲ್ಲಿ ಉತ್ತರ ಹುಡುಕುತ್ತಿದ್ದಾರೆ. 1980ರ ದಶಕದ 959 ಎಂಬ ಕಾರು ತಯಾರಾದದ್ದು ಕೇವಲ 292. ಅದರ ಕ್ಲಚ್ಚಿನ ಒಂದು ಸನ್ನೆಗೋಲಿಗಾಗಿ ಅಚ್ಚು ಮಾಡಿಸುವುದು ಯಾರಿಗೂ ಗಿಟ್ಟದು. ಲೋಹದ ಪುಡಿಯನ್ನು ಲೇಸರ್ ಕಿರಣದಿಂದ ಪದರ ಪದರವಾಗಿ ಕರಗಿಸಿ ಆ ಭಾಗವನ್ನು ಮುದ್ರಿಸುವುದಾಗಿ ಕಂಪನಿ 2018ರಲ್ಲಿ ಪ್ರಕಟಿಸಿತು. ಬಾಷ್ ಕಂಪನಿ 1886ರಲ್ಲಿ ಹುಟ್ಟಿದ್ದೂ ಸ್ಟುಟ್‌ಗಾರ್ಟ್‌ನಲ್ಲೇ. ಬೆಂಗಳೂರಿನ ಹಳಬರ ಬಾಯಲ್ಲಿ ಇನ್ನೂ ಆಡುವ ಆಡುಗೋಡಿಯ 'ಮೈಕೋ', 2008ರಲ್ಲಿ ಅದೇ ಬಾಷ್ ಹೆಸರನ್ನು ತಳೆಯಿತು.

ಮೂವತ್ತು ವರ್ಷ ತುಂಬಿ, ಮೂಲ ಸ್ವರೂಪ ಕೆಡದೆ ಉಳಿದ ಕಾರಿಗೆ ಜರ್ಮನಿ ಒಂದು ಗೌರವ ಕೊಡುತ್ತದೆ. ನಂಬರಿನ ಕೊನೆಯಲ್ಲಿ 'ಎಚ್' ಅಕ್ಷರ. ಕಾರು ಯಾವುದೇ ಇರಲಿ, ವರ್ಷಕ್ಕೆ 191 ಯೂರೋ 73 ಸೆಂಟ್ ತೆರಿಗೆ. ಅದು ದುಡ್ಡು ಕೊಟ್ಟೊಡನೆ ಸಿಗುವ ಅಕ್ಷರವಲ್ಲ; ಪರೀಕ್ಷಕರು ಕಾರನ್ನು ನೋಡಿ ಒಪ್ಪಬೇಕು. ಬೇರಿಂಗ್‌ನ ಭಯದಿಂದ ಅಗ್ಗವಾದ 1998ರ 911ಗಳಿಗೆ 2028ರಲ್ಲಿ ಆ ವಯಸ್ಸು ತುಂಬುತ್ತದೆ. ಅವುಗಳಲ್ಲಿ ಯಾವುದಕ್ಕೆ ಆ ಅಕ್ಷರ ದಕ್ಕೀತು ಎಂಬುದನ್ನು, ಸರ್ವೀಸ್ ಪುಸ್ತಕದಲ್ಲಿ ಒಂದು ಪುಟವನ್ನೂ ಖಾಲಿ ಬಿಡದವರು ಈಗಾಗಲೇ ಬರೆದಿಟ್ಟಿದ್ದಾರೆ.